ಮಾವನ ಮೋಟಾರ್‌ಸೈಕಲ್ಲಿನ ಶವಪರೀಕ್ಷೆ

ಕೊಟ್ಟೂರಿನ ನನ್ನ ಸೋದರಮಾವನ ಮೋಟಾರ್‌ಸೈಕಲ್ಲು ವಯಸ್ಸಿನಲ್ಲಿ ನನಗಿಂತ ಹಿರಿದು. ಮನೆಯಲ್ಲಿ ಅದಕ್ಕಿದ್ದ ಮರ್ಯಾದೆಯೂ ನನಗಿಂತ ಹೆಚ್ಚು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅದು ಕೂಡ್ಲಿಗಿ ರಸ್ತೆಯಲ್ಲಿ ಗಕ್ಕನೆ ನಿಂತು, ಶೇಂಗಾ ಚೀಲಗಳ ನಡುವೆ ಟ್ರ್ಯಾಕ್ಟರಿನಲ್ಲಿ ಮಲಗಿಕೊಂಡು ಮನೆಗೆ ಬಂತು. ಮಾವ ಕಿಕ್ಕರಿನ ಮೇಲೆ ಹತ್ತಿ ನಿಂತರೂ ಅದು ಕೆಳಗಿಳಿಯಲಿಲ್ಲ. ಮಾವ ಹಗುರದ ಮನುಷ್ಯನೇನೂ ಅಲ್ಲ.

ಮಾವನದು ಎಣ್ಣೆ ಗಿರಣಿ. ತೀರ್ಪು ಕೊಡುವುದು ಅವನ ಉಪಕಸುಬು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಸಾರಿದ: “ಇದರ ರೋಗ ಯಾರು ಹುಡುಕ್ತಾರೋ ಗಾಡಿ ಅವರದು. ಸಂಜಿ ಒಳಗ ಸಿಗಲಿಲ್ಲಂದ್ರ ಗುಜರಿಗೆ.”

ಡಿಗ್ರಿ ಮುಗಿಸಿ, ಕೆಲಸವಿಲ್ಲದೆ, ಚೈನು ಕಳಚುವ ಸೈಕಲ್ಲಿನಲ್ಲಿ ಓಡಾಡುತ್ತಿದ್ದವನು ನಾನು. ಚಿಕ್ಕಂದಿನಿಂದ ಆ ಗಾಡಿಯ ಟ್ಯಾಂಕಿನಲ್ಲೇ ಮುಖ ನೋಡಿಕೊಂಡು ತಲೆ ಬಾಚಿದವನು. ನನ್ನ ಎದೆಯಲ್ಲಿ ಆಗಲೇ ಇಂಜಿನ್ ಸ್ಟಾರ್ಟ್ ಆಯಿತು.

ಹರಪನಹಳ್ಳಿಯಿಂದ ಪಂಪ್‌ಸೆಟ್ ರಿಪೇರಿಯ ಮುದಿ ಮಿಸ್ತ್ರಿ ಬಂದ. “ನಂಗೆ ಗಾಡಿ ಬ್ಯಾಡಪ್ಪ, ಸೊಂಟನೋವು. ನಾ ಬಿಚ್ಚಿ ಕೊಡ್ತೀನಿ, ರೋಗ ನೀ ಹೇಳು” ಎಂದ.

ಪಡಸಾಲೆಯಲ್ಲಿ ಮಾವನ ಹಳೆಯ ಧೋತರ ಹಾಸಿ ವಿಧಿ ಆರಂಭಿಸಿದೆವು. ನಟ್ಟು ಬೋಲ್ಟುಗಳು ಉರುಳಿಹೋಗದಂತೆ ಅಡುಗೆಮನೆಯಿಂದ ಸ್ಟೀಲ್ ತಾಟುಗಳನ್ನು ತಂದು ಸಾಲಾಗಿ ಇಟ್ಟೆ. ಪಂಕ್ತಿಯಲ್ಲಿ ಊಟ ಬಡಿಸಿದಂತೆ ಕಾಣುತ್ತಿತ್ತು.

ಪ್ಲಗ್ ಕೈಗೆ ಬಂದ ಕೂಡಲೇ, “ಪ್ಲಗ್ ಹೋಗೇತಿ” ಎಂದು ಘೋಷಿಸಿದೆ.

“ಅಲ್ಲ,” ಎಂದ ಮಿಸ್ತ್ರಿ.

ಕಾರ್ಬ್ಯುರೇಟರ್ ಬಿಚ್ಚಿದಾಗ, “ಕಸ ಕಟ್ಟೇತಿ!”

“ಅಲ್ಲಪ್ಪ. ಲೇ, ಕಿಕ್ಕರ್ ಯಾಕೆ ಇಳೀತಿಲ್ಲ, ಅದನ್ನ ಹೇಳು.”

ಕಟ್ಟೆಯ ಮೇಲಿಂದ ಮಾವ, “ಹೇಳೋ ಡಾಕ್ಟ್ರೇ, ಹೇಳು” ಎಂದ.

ಹೆಡ್ ತೆಗೆದೆವು. ಸಿಲಿಂಡರ್ ಬರಲೊಲ್ಲದು. ಅದಕ್ಕೆ ಸೀಮೆಎಣ್ಣೆ ಕುಡಿಸಿ ಮರದ ಸುತ್ತಿಗೆಯಿಂದ ಬಡಿದೆವು, ಬೈದೆವು, ಬೇಡಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಪೊಚಕ್ಕನೆ ಕಳಚಿಕೊಂಡಿತು. ಒಳಗಿನ ಪಿಸ್ಟನ್ನು ಜೇನು ಸುರಿದಂತೆ ಕೆಂಪಗೆ ಹೊಳೆಯುತ್ತಿತ್ತು. ರಿಂಗುಗಳು ಗೋಂದಿನಲ್ಲಿ ಹೂತುಹೋಗಿದ್ದವು. ಮಿಸ್ತ್ರಿ ನಲವತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ನಾನು ಗಂಭೀರವಾಗಿ ಗಲ್ಲ ಕೆರೆದುಕೊಂಡೆ. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿದಿತ್ತು.

ಅಷ್ಟರಲ್ಲಿ ಅತ್ತೆ ಬಂದರು. “ಊಟದ ತಾಟಿನ್ಯಾಗ ಗ್ರೀಸ್ ಹಾಕೀರೇನೋ, ಬಾಡ್ಯಾಗೋಳ್ರಾ!” ಎಂದು ತಾಟಿಗೆ ಕೈಹಾಕಿದವರು ಪಿಸ್ಟನ್ ನೋಡಿ ತಡೆದರು. ಉಗುರಿನಿಂದ ಕೆರೆದರು. ಮೂಸಿದರು.

“ಇದು ನಮ್ಮ ಬಾಣಲಿ ಜಿಗಟು. ಯಾರ್ರೀ ಇದರಾಗ ಮಿರ್ಚಿ ಕರದವರು?”

ಎಲ್ಲರೂ ಮಾವನತ್ತ ತಿರುಗಿದೆವು. ಮಾವ ಬೇವಿನ ಮರದತ್ತ ತಿರುಗಿದ.

ಪೆಟ್ರೋಲಿಗೆ ಬೆರೆಸಬೇಕಾದ ಇಂಜಿನ್ ಎಣ್ಣೆಯ ಬದಲು ಮಾವ ಆರು ತಿಂಗಳಿಂದ ಗಿರಣಿಯ ಶೇಂಗಾ ಎಣ್ಣೆ ಸುರಿಯುತ್ತಿದ್ದ! ಗಾಡಿ ಹೋದಲ್ಲೆಲ್ಲ ಮಿರ್ಚಿ ಅಂಗಡಿಯ ವಾಸನೆ ಬರುತ್ತಿದ್ದುದು, ನಾಯಿಗಳು ಬೊಗಳದೆ ಬಾಲ ಅಲ್ಲಾಡಿಸುತ್ತ ಹಿಂಬಾಲಿಸುತ್ತಿದ್ದುದು ಈಗ ಅರ್ಥವಾಯಿತು.

“ಎಣ್ಣಿ ಅಂದ್ರ ಎಣ್ಣಿ,” ಎಂದ ಮಾವ. “ಅದೂ ಸೋಸಿದ್ದು, ಫಸ್ಟ್ ಕ್ಲಾಸು. ಗಾಡಿಗೆ ಯೋಗ್ಯತೆ ಇಲ್ಲ.”

ಮಿಸ್ತ್ರಿ ನಗುತ್ತ ಧೋತರದ ಮೇಲೆ ಹೊರಳಿದ. ಸೊಂಟನೋವು ಅಷ್ಟು ಹೊತ್ತು ಅವನನ್ನು ಬಿಟ್ಟಿತ್ತು. ನಾನೂ ನಕ್ಕು ನಕ್ಕು ಬಿಕ್ಕಳಿಸುತ್ತ, “ಹಂಗಾದ್ರ ಗಾಡಿ ನಂದಾತು!” ಎಂದೆ.

“ನಿಂದ್ಹೆಂಗಲೇ?” ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. “ರೋಗ ಹುಡುಕಿದವರು ಯಾರು?”

ತೀರ್ಪು ಕೊಟ್ಟವನಿಗೆ ಬೇರೆ ದಾರಿಯಿರಲಿಲ್ಲ. ಉಡದಾರದಲ್ಲಿ ಸಿಕ್ಕಿಸಿದ್ದ ಕೀಲಿಯನ್ನು ಮಾವ ಬಿಚ್ಚಿ ಕೊಟ್ಟ. ಅತ್ತೆ ಅದನ್ನು ಉಗ್ರಾಣದ ಕೀಲಿಗೊಂಚಲಿಗೆ ಸೇರಿಸಿದರು.

ಹೊಸ ರಿಂಗು ಹಾಕಿದ ವಾರದಲ್ಲಿ ಗಾಡಿ ಎದ್ದಿತು. ಅತ್ತೆಗೆ ಓಡಿಸಲು ಬಾರದು. ಹಡಗಲಿಯಿಂದ ಮಲ್ಲಿಗೆ ತರಲು ನಾನು ಓಡಿಸುತ್ತಿದ್ದೆ, ಅವರು ಹಿಂದೆ ಯಜಮಾನತಿಯಾಗಿ ಕೂರುತ್ತಿದ್ದರು. ಮೊದಲ ದಿನ ಮಾವ ಬಾಗಿಲಿಗೆ ಬಂದು, “ಪೆಟ್ರೋಲ್ ಐತೇನು, ಎಣ್ಣಿ ಐತೇನು?” ಎಂದು ವಿಚಾರಿಸಿದ.

ಅತ್ತೆ ನನ್ನ ಬೆನ್ನಿಗೆ ಗುದ್ದಿದರು. “ಹೊಂಡಲೇ ಲಗೂನ! ಗಿರಣಿ ಎಣ್ಣಿ ಡಬ್ಬಿ ಹಿಡ್ಕೊಂಡು ನಿಂತಾರ.”