ಅರ್ಧ ಕಾಯಿಲ್

ಕುಬಿಹಾಳದ ಈರಬಸಪ್ಪನಿಗೆ ಅಂದಾಜಿನ ಮಾತು ಕಂಡರಾಗುತ್ತಿರಲಿಲ್ಲ. ಕುಂದಗೋಳದ ಅರಳೆ ಮಿಲ್ಲಿನಲ್ಲಿ ಹನ್ನೆರಡು ವರ್ಷ ವೈರ್‌ಮನ್ ಆಗಿದ್ದು, ಊರಿಗೆ ಮರಳುವಾಗ ಎರಡು ಮೀಟರ್ ತಂದಿದ್ದ. ಒಂದು ವೋಲ್ಟ್ ತೋರಿಸುವುದು, ಇನ್ನೊಂದು ಆಂಪಿಯರ್. ಯಾರ ಮನೆಗೆ ರಿಪೇರಿಗೆ ಹೋದರೂ ಮೊದಲು ಮೀಟರ್, ಆಮೇಲೆ ಚಹಾ. ಊರವರು ಅವನನ್ನು ಡಾಕ್ಟರ್ ಎಂದು ಕಾಡುತ್ತಿದ್ದರು. ಅವನು ನಗುತ್ತಿರಲಿಲ್ಲ.

ಎಂಬತ್ತನಾಲ್ಕರ ಚಳಿಗಾಲದಲ್ಲಿ ಓಣಿಯ ಮೈಲಾರವ್ವ ತನ್ನ ಕರೆಂಟಿನ ಒಲೆ ಹೊತ್ತು ತಂದಳು. ಸೀಮೆಎಣ್ಣೆ ಸಿಗದೆ ಕೊಂಡಿದ್ದ ಒಲೆ.

"ಸಾವಿರ ವ್ಯಾಟ್ ಅಂತ ಬರದಾರ. ಒಂದ್ ಕೊಡ ನೀರ ಕಾಯಾಕ ಮಧ್ಯಾಹ್ನ ಆಗ್ತೈತಿ. ಮೋಸ ಐತಿ ಇದರಾಗ."

ಈರಬಸಪ್ಪ ಅಳೆದ. ಊರಿಗೆ ಬರುತ್ತಿದ್ದದ್ದು ನೂರಾ ಅರವತ್ತು ವೋಲ್ಟ್, ಒಲೆ ಎಳೆಯುತ್ತಿದ್ದದ್ದು ಮೂರು ಆಂಪಿಯರ್.

"ಒಲಿ ಛಲೋನ ಐತ್ರಿ. ನೂರಾ ಅರವತ್ತಕ್ಕ ಮೂರರಿಂದ ಭಾಗಿಸಿದ್ರ ಐವತ್ಮೂರು ಓಮ್, ಅದು ಕಾಯಿಲಿನ ತಡೆ. ಗುಣಿಸಿದ್ರ ನಾನೂರಾ ಎಂಬತ್ತು ವ್ಯಾಟ್, ನಿಮಗ ಸಿಗೂದು ಅಷ್ಟ. ವೋಲ್ಟ್ ಇಳದ್ರ ಆಂಪಿಯರೂ ಇಳೀತೈತಿ, ಎರಡೂ ಕಡಿಂದ ಲುಕ್ಸಾನ."

"ನಿನ್ನ ಲೆಕ್ಕಾ ಸುರಕೊಂಡು ಜಳಕಾ ಮಾಡ್ಲೇನು?" ಎಂದಳು ಮೈಲಾರವ್ವ.

ಆ ಮಾತು ನಾಟಿತು. ಈರಬಸಪ್ಪ ಕಾಯಿಲನ್ನು ಅರ್ಧಕ್ಕೆ ಕತ್ತರಿಸಿ, ಉಳಿದದ್ದನ್ನು ಎಳೆದು ಕೂರಿಸಿದ. ತಡೆ ಅರ್ಧವಾಯಿತು, ಆಂಪಿಯರ್ ಆರಕ್ಕೇರಿತು, ವ್ಯಾಟ್ ಒಂಬೈನೂರಾ ಅರವತ್ತು. ನೀರು ಕುದಿಯಿತು. ವಾರದೊಳಗೆ ಇನ್ನೂ ಹತ್ತು ಮನೆಯವರು ಒಲೆ ಹಿಡಿದು ಬಂದರು. ಪೂರ್ತಿ ಕರೆಂಟ್ ಬಂದರೆ ಏನು ಗತಿ ಎಂದು ಕೇಳಿದವರಿಗೆ, "ಈ ಜನ್ಮದಾಗ ಬರೂದಿಲ್ಲ" ಎಂದ.

ಬಂತು. ಎಂಬತ್ತಾರರಲ್ಲಿ ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂತಿತು. ಮರುದಿನ ಹತ್ತು ಗಂಟೆಗೆ ಚಾಲೂ ಎಂದು ಡಂಗುರ ಸಾರಿದರು. ಇನ್ನೂರಾ ಮೂವತ್ತು ವೋಲ್ಟಿಗೆ ಅರ್ಧ ಕಾಯಿಲ್ ಹತ್ತಿರ ಹತ್ತಿರ ಒಂಬತ್ತು ಆಂಪಿಯರ್ ಎಳೆಯುತ್ತದೆ, ಎರಡು ಸಾವಿರ ವ್ಯಾಟ್. ಐದು ಆಂಪಿಯರಿಗೆಂದು ಹಾಕಿದ ಮನೆಯ ತಂತಿಗಳು ತೊಲೆಯ ಮೇಲೆ, ದನದ ಮೇವಿನ ಪಕ್ಕದಲ್ಲೇ ಹಾದಿದ್ದವು. ಹೊತ್ತಿಕೊಂಡರೆ ಆರಿಸುವವರಿಲ್ಲ. ಬೆಳಿಗ್ಗೆ ಈರಬಸಪ್ಪ ಹೆದರಿಕೊಂಡೇ ಮನೆಮನೆ ತಿರುಗಿ ಹತ್ತು ಒಲೆ ವಾಪಸು ತಂದ.

ಮೈಲಾರವ್ವ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಸೊಸೆ ಒಂಬತ್ತು ದಿನದ ಬಾಣಂತಿ.

"ಛಲೋ ಕರೆಂಟ್ ಬರೂ ಹೊತ್ತಿಗೆ ಒಲಿ ಕೇಳ್ತೀಯಲ್ಲ, ಬಾಣಂತಿ ತಣ್ಣೀರ ಹಾಕ್ಕೋಬೇಕೇನು?"

ಆಗಲೇ ಒಂಬತ್ತೂವರೆ. ಈರಬಸಪ್ಪ ಓಡಿಹೋಗಿ ತನ್ನ ಮನೆಯ ಒಲೆ ತಂದಿಟ್ಟ. "ಇದನ್ನ ತಗೋರಿ, ಅದನ್ನ ಕೊಡ್ರಿ. ಇದಕ್ಕೇನೂ ಆಗೂದಿಲ್ಲ."

ಮೈಲಾರವ್ವ ಎರಡೂ ಒಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ತನ್ನದರಲ್ಲಿ ಸುರುಳಿಗಳು ದೂರ ದೂರ ಎಳೆದಂತಿದ್ದವು. ಅವನದರಲ್ಲಿ ಒತ್ತೊತ್ತಾಗಿ, ಅಂಗಡಿಯಿಂದ ತಂದಂತೆಯೇ ಇದ್ದವು.

"ಎರಡ ವರ್ಷ ನೀವು ಗಂಡ ಹೆಂಡ್ತಿ ಉಗುರುಬೆಚ್ಚನ ನೀರಾಗ ಜಳಕಾ ಮಾಡೀರಿ?"

"ಹೌದ್ರಿ."

"ಯಾಕ?"

ಈರಬಸಪ್ಪ ತನ್ನ ಒಲೆಯನ್ನು ಹೊಸ್ತಿಲ ಒಳಗೆ ಸರಿಸಿದ. ಎರಡು ಸಾವಿರ ವ್ಯಾಟಿನ ಲೆಕ್ಕವನ್ನು ಅವನು ಎಂಬತ್ತನಾಲ್ಕರಲ್ಲೇ ಮಾಡಿದ್ದ, ಹೆಂಡತಿ ಕಸ್ತೂರೆವ್ವನಿಗಷ್ಟೇ ಹೇಳಿದ್ದ. ಮೈಲಾರವ್ವ ತನ್ನ ಒಲೆ ಕೊಟ್ಟಳು. ಊರಿನಲ್ಲಿ ಏನೂ ಸುಡಲಿಲ್ಲ. ಆದರೆ ಅವನ ಒಲೆಯ ಸುದ್ದಿ ಮೈಲಾರವ್ವನ ಬಾಯಿಂದ ಊರೆಲ್ಲ ಹಬ್ಬಿತು.

ಆಮೇಲೂ ಜನ ಅವನನ್ನೇ ಕರೆಯುತ್ತಿದ್ದರು. ಬೇರೆ ವೈರ್‌ಮನ್ ಇರಲಿಲ್ಲ. ಅವನು ಅಳೆಯುವುದು, ಭಾಗಿಸುವುದು, ಗುಣಿಸುವುದು ಮುಗಿಯುವ ತನಕ ಕಾದು, ಕೊನೆಗೆ ಕೇಳುತ್ತಿದ್ದರು: "ಅದು ಇರ್ಲಿ. ನಿಮ್ಮ ಮನ್ಯಾಗ ಹ್ಯಾಂಗ ಮಾಡೀರಿ?"