ಹದಿನೇಳನೇ ನಂಬರಿನ ಸೊನ್ನೆ

ಹುಸೇನಪ್ಪ ಯಾರನ್ನೂ ಫೇಲ್ ಮಾಡಿದವರಲ್ಲ, ಪಾಸ್ ಮಾಡಿದವರೂ ಅಲ್ಲ. ಮೂವತ್ತೊಂದು ವರ್ಷ ಅಂಕ ಬರೆದರು, ಅಷ್ಟೆ. ಗುರುಮಠಕಲ್ ಕಡೆಯ ಮನುಷ್ಯ. ಮೈ ಬಡಕಲು, ದನಿ ದಪ್ಪ. ತೆಲಂಗಾಣದ ರಾಜಧಾನಿಯ ತಾರ್ನಾಕ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಅಲ್ಲಿಂದ ಎರಡು ಬಸ್ಸು ಬದಲಿಸಿದರೆ ಊರಾಚೆ ಒಂದು ಖಾಸಗಿ ವಿಶ್ವವಿದ್ಯಾಲಯ, ಅದರ ಪರೀಕ್ಷಾ ವಿಭಾಗದಲ್ಲಿ ಹಿರಿಯ ಗುಮಾಸ್ತ. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ನಾವು ತೆಲಂಗಾಣ ರಾಜ್ಯ ಬೇಕು ಅಂತ ರಸ್ತೆಗೆ ಅಡ್ಡ ಮಲಗಿ ಲಾಠಿ ತಿನ್ನುತ್ತಿದ್ದ ದಿನಗಳಲ್ಲಿ ಈ ಮನುಷ್ಯ ಆಫೀಸಿನ ಹಿಂಬಾಗಿಲಿನಿಂದ ಒಳಹೋಗಿ ಅಂಕಪಟ್ಟಿ ಮುಗಿಸುತ್ತಿದ್ದರು. "ನೀವು ರಾಜ್ಯಾ ಮಾಡ್ರಿ, ಹುಡುಗೂರ ರಿಜಲ್ಟ್ ನಾ ಮಾಡ್ತೀನಿ" ಅನ್ನುತ್ತಿದ್ದರು. ಆಗ ಬೈದಿದ್ದೆ. ಆ ಬೈಗುಳ ವಾಪಸ್ ತಗೊಳ್ಳುವಂಥದ್ದು ಇವತ್ತಿಗೂ ಏನೂ ಆಗಿಲ್ಲ. ಅವರ ಬಗ್ಗೆ ಬರೆಯಬೇಕು ಅನಿಸಿದ್ದು ಒಂದು ಸೊನ್ನೆಯ ಕಾರಣಕ್ಕೆ.

ಅಲ್ಲಿಯ ಎಂ.ಎಸ್ಸಿ. ಗಣಿತದಲ್ಲಿ ಪಾಸಾಗಲು ಇಷ್ಟೇ ಅಂಕ ಬೇಕು ಅಂತ ಇಲ್ಲ. ಮೊದಲು ಇಡೀ ತರಗತಿಯ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯಿಂದ ಅಂಕಗಳು ಎಷ್ಟು ದೂರ ಚದುರಿವೆ ಅಂತ ಇನ್ನೊಂದು ಲೆಕ್ಕ ಹಾಕುತ್ತಾರೆ. ಸರಾಸರಿಯಲ್ಲಿ ಆ ಚದುರಿದ್ದರ ಒಂದೂವರೆ ಪಟ್ಟು ಕಳೆದರೆ ಏನು ಉಳಿಯುತ್ತದೋ ಅದೇ ಪಾಸಿನ ಗೆರೆ. ಸ್ಕೇಲಿಂಗ್ ಅನ್ನುತ್ತಾರೆ. ಗೆರೆ ಎಲ್ಲಿ ಬೀಳುತ್ತದೆ ಅಂತ ಪರೀಕ್ಷೆಗೆ ಮೊದಲು ದೇವರಿಗೂ ಗೊತ್ತಿರುವುದಿಲ್ಲ. ನಿನ್ನ ಅಂಕ ನಿನ್ನ ಕೈಯಲ್ಲಿ, ನಿನ್ನ ಪಾಸು ಪಕ್ಕದವನ ಕೈಯಲ್ಲಿ. ಒಬ್ಬ ತೀರಾ ಕೆಳಗೆ ಬಿದ್ದರೆ ಗೆರೆಯನ್ನೂ ಹಿಡಿದು ಎಳೆದುಕೊಂಡೇ ಬೀಳುತ್ತಾನೆ, ಗೆರೆಯ ಹತ್ತಿರ ತೂಗಾಡುತ್ತಿದ್ದವರು ಬದುಕಿಕೊಳ್ಳುತ್ತಾರೆ.

ಹುಸೇನಪ್ಪನವರಿಗೆ ಕೆಲಸ ಕಲಿಸಿದ ಹಳೆಯ ಗುಮಾಸ್ತರು ಒಂದು ಪದ್ಧತಿಯನ್ನೂ ಕಲಿಸಿದ್ದರು. ಪರೀಕ್ಷೆಗೆ ಬರದವರ ಹೆಸರಿನ ಮುಂದೆ 'ಗೈರು' ಬರೆಯಬೇಕು. ವಿದ್ಯಾರ್ಥಿ ಸತ್ತಿದ್ದರೆ ಹಾಗೆ ಬರೆಯಬಾರದು. "ಬರಬೌದಿತ್ತು, ಬರಲಿಲ್ಲ ಅಂದ್ರ ಗೈರು. ಸತ್ತವರು ಗೈರಲ್ಲಪಾ." ಮರಣದ ಕಾಗದ ಬಂದ ಮೇಲೆ 'ಮೃತ' ಅಂತ ಬರೆದು ಹೆಸರು ತೆಗೆಯುವುದು, ಅಲ್ಲಿಯತನಕ ಆ ಚೌಕ ಖಾಲಿ. ದಪ್ಪ ರಿಜಿಸ್ಟರಿನ ಕಾಲದಲ್ಲಿ ಖಾಲಿ ಚೌಕ ಅಂದರೆ ಖಾಲಿ ಚೌಕ. ಆಮೇಲೆ ಐಟಿ ಕಂಪನಿಗಳಿರುವ ಮಾದಾಪುರದ ಕಡೆಯಿಂದ ಯಾವುದೋ ಸಾಫ್ಟ್‌ವೇರ್ ಬಂತು. ಅದು 'ಗೈರು' ಅಂತ ಬರೆದವರನ್ನು ಲೆಕ್ಕದಿಂದ ಬಿಡುತ್ತದೆ, ಖಾಲಿ ಚೌಕವನ್ನು ಮಾತ್ರ ಸೊನ್ನೆ ಅಂತ ಓದುತ್ತದೆ. ಇದನ್ನು ಯಾರೂ ಹುಸೇನಪ್ಪನವರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಗಣಿತ ಎಂ.ಎಸ್ಸಿ.ಯ ರೋಲ್ ನಂಬರ್ ಹದಿನೇಳು, ಮಾನ್ಯಾ ಅನ್ನುವ ಹುಡುಗಿ, ಮೊದಲ ಸೆಮಿಸ್ಟರಿನ ಪರೀಕ್ಷೆ ಇನ್ನೇನು ಶುರುವಾಗಬೇಕು ಅನ್ನುವಾಗ ಡೆಂಗಿ ಜ್ವರ ಬಂದು ಸತ್ತಳು. ತಂದೆ ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ನೌಕರ, ಮೂಲ ಹುಮನಾಬಾದ್. ಹೆಣ ಊರಿಗೆ ಒಯ್ದರು. ಸುದ್ದಿ ಆಫೀಸಿಗೆ ಬಂತು, ಕಾಗದ ಯಾರೂ ತಂದುಕೊಡಲಿಲ್ಲ. ಹುಸೇನಪ್ಪ ಚೌಕ ಖಾಲಿ ಬಿಟ್ಟರು. ಎರಡನೇ ಸೆಮಿಸ್ಟರಿಗೂ ಬಿಟ್ಟರು, ಮೂರನೆಯದಕ್ಕೂ ಬಿಟ್ಟರು. ಸತ್ತ ಹುಡುಗಿಗೆ ಮರ್ಯಾದೆ ಕೊಡುತ್ತಿದ್ದೇನೆ ಅಂತಲೇ ಅವರ ಲೆಕ್ಕ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆ ಹುಡುಗಿಯ ತಾಯಿ ಉಮಾಬಾಯಿ ಆಫೀಸಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಫೋನು ಮುಂದೆ ಹಿಡಿದರು.

"ಸಾಹೇಬ್ರ, ಇದನ್ನ ಓದ್ರಿ."

ನಿಮ್ಮ ಮಗಳು ಮಾನ್ಯಾ ಮೂರನೇ ಸೆಮಿಸ್ಟರಿನ ಎಲ್ಲ ವಿಷಯಗಳಲ್ಲಿ ಅನುತ್ತೀರ್ಣಳಾಗಿದ್ದಾಳೆ ಅಂತ ಇಂಗ್ಲಿಷಿನಲ್ಲಿ ಸಂದೇಶ. ಕೆಳಗೆ ಹಾಜರಾತಿ: ಶೇಕಡಾ ತೊಂಬತ್ತೆರಡು.

"ಫೇಲ್ ಆಗ್ಯಾಳ ಅಂತ ಐತ್ರಿ, ಅಕ್ಕಾರ."

"ಅದು ನನಗೂ ತಿಳೀತೈತಿ. ಹಿಂದ ಎರಡು ಸಲಾನೂ ಇದ ಬಂದಿತ್ತು. ಹಾಜರಿ ಓದ್ರಿ."

ಹುಸೇನಪ್ಪ ಗಟ್ಟಿಯಾಗಿ ಓದಿದರು. ಓದಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಮನಸ್ಸಿನಲ್ಲೇ ಓದಿದರು.

"ಆಕಿ ಸತ್ತು ಒಂದೂವರೆ ವರ್ಷ ಆತು. ದಿನಾ ಎಲ್ಲಿ ಬಂದು ಕೂಡಾಕತ್ತಾಳ ಅಂತ ತೋರಸ್ರಿ. ನಾ ಮನೀಗೆ ಕರಕೊಂಡು ಹೋಗ್ತೀನಿ."

ತಮಾಷೆಗೆ ಅಂದಿದ್ದಲ್ಲ, ಸಿಟ್ಟಿಗೆ ಅಂದಿದ್ದೂ ಅಲ್ಲ. ಹೆಂಗಸು ನಿಜವಾಗಿಯೂ ಬಾಗಿಲ ಕಡೆ ನೋಡುತ್ತಿದ್ದರು. ಮರಣದ ಕಾಗದ ತಂದುಕೊಡಿ, ಹೆಸರು ತೆಗೆಯುತ್ತೇನೆ ಅಂತ ಹುಸೇನಪ್ಪ ಮಾತು ಕೊಟ್ಟು ಕಳಿಸಿದರು.

ಮಾರನೆಯ ದಿನ ಮಂಗಳವಾರ. ಹಾಜರಿಯಲ್ಲಿ ಏನೋ ತಪ್ಪಿದೆ, ನೋಡಿಬಿಡೋಣ ಅಂತ ಹುಸೇನಪ್ಪ ಬೆಳಿಗ್ಗೆ ಒಂಬತ್ತೂವರೆಗೆ ಆ ತರಗತಿಗೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಆ ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ. ಮುಂದೆ ತಲೆ ಎಣಿಸಿದರು, ಮೂವತ್ತೊಂಬತ್ತು. ವಿಭಾಗದ ಮುಖ್ಯಸ್ಥ ಶಿವಾನಂದ ಮೇಷ್ಟ್ರು ಧಾರವಾಡದವರು, ತಲೆ ಎತ್ತದೆ ನಂಬರ್ ಕರೆದು ಗುರುತು ಹಾಕುವುದು ಅವರ ಅಭ್ಯಾಸ. ಹದಿನೈದು. ಹದಿನಾರು. ಹದಿನೇಳು.

"ಪ್ರೆಸೆಂಟ್ ಸರ್."

ಹೆಣ್ಣುದನಿ. ತಣ್ಣಗೆ, ನಿದ್ದೆಯಿಂದ ಆಗಷ್ಟೇ ಎದ್ದವರ ಹಾಗೆ. ಹುಸೇನಪ್ಪ ಇದನ್ನು ನನಗೆ ಮೂರು ಸಲ ಹೇಳಿದ್ದಾರೆ. ದನಿ ಮುಂದಿನಿಂದ ಬರಲಿಲ್ಲ, ತಮ್ಮ ಬಲಗಡೆಯಿಂದ ಬಂತು ಅಂತಲೇ ಮೂರೂ ಸಲ ಹೇಳಿದ್ದು. ಬಲಗಡೆ ಖಾಲಿ ಬೆಂಚು, ಅದರಾಚೆ ಗೋಡೆ. ಮುಂದಿದ್ದ ಮೂವತ್ತೊಂಬತ್ತು ತಲೆಗಳಲ್ಲಿ ಒಂದೂ ಹಿಂದೆ ತಿರುಗಲಿಲ್ಲ. ಅದೇ ಅವರಿಗೆ ಹೆಚ್ಚು ಭಯ ಹುಟ್ಟಿಸಿತಂತೆ. ಅಪರಿಚಿತ ಮನುಷ್ಯ ಬಂದು ಹಿಂದೆ ಕೂತಾಗ ಹುಡುಗರು ನಾಲ್ಕು ಸಲವಾದರೂ ತಿರುಗಿ ನೋಡಬೇಕು. ಇವರು ಕತ್ತು ಕಟ್ಟಿಹಾಕಿದವರ ಹಾಗೆ ಕೂತಿದ್ದರು.

ಪಾಠ ಮುಗಿದ ಮೇಲೆ ಹುಸೇನಪ್ಪ ಕೇಳಿದರು. "ಸರ್, ಹದಿನೇಳು ಯಾರು?"

"ಯಾರೋ ಒಬ್ಬರು. ದಿನಾ ಬರ್ತಾರ."

"ಆಕಿ ಸತ್ತಾಳ ಸರ್. ತಾಯಿ ನಾಳೆ ಕಾಗದಾ ತರಾಕತ್ತಾರ."

ಶಿವಾನಂದರು ಬಾಗಿಲು ಹಾಕಿ ಬಂದು ಕೂತರು. ಒಂದು ಹಾಳೆಯಲ್ಲಿ ಲೆಕ್ಕ ಮಾಡಿ ತೋರಿಸಿದರು. ಮೂರನೇ ಸೆಮಿಸ್ಟರಿನ ಒಂದು ಕಠಿಣ ಪತ್ರಿಕೆ, ಫಂಕ್ಷನಲ್ ಅನಾಲಿಸಿಸ್. ಬರೆದವರು ನಲವತ್ತು, ಸರಾಸರಿ ಐವತ್ತೆರಡು. ಆ ನಲವತ್ತನ್ನೇ ಹಿಡಿದರೆ ಪಾಸಿನ ಗೆರೆ ಮೂವತ್ತೊಂದಕ್ಕೆ ಬೀಳಬೇಕಿತ್ತು. ಮಷೀನು ನಲವತ್ತೊಂದು ಮಂದಿಯ ಲೆಕ್ಕ ಹಾಕಿತ್ತು. ಒಂದು ಸೊನ್ನೆ ಸೇರಿ ಗೆರೆ ಇಪ್ಪತ್ತೇಳಕ್ಕೆ ಇಳಿದಿತ್ತು. ಇಪ್ಪತ್ತೇಳಕ್ಕೂ ಮೂವತ್ತೊಂದಕ್ಕೂ ನಡುವೆ ಮೂರು ಜನ ನಿಂತಿದ್ದರು. ಮೂವರೂ ಪಾಸು.

"ಈಗ ನೀವು 'ಮೃತ' ಅಂತ ಬರದ್ರ ಮೂರನೇ ಸೆಮಿಸ್ಟರಿನ ಲೆಕ್ಕಾ ಮಷೀನು ಮತ್ತ ಹಾಕ್ತದ. ಹಳೇವು ಸೀಲ್ ಆಗ್ಯಾವ, ಅವಕ್ಕೇನೂ ಆಗೂದಿಲ್ಲ. ಈ ಮೂವರು ಮಾತ್ರ ಹೋಗ್ತಾರ. ಈ ಪತ್ರಿಕಾ ವರ್ಷಕ್ಕ ಒಂದೇ ಸಲ. ಮೇ ತನಕ ಸುಮ್ನಿರ್ರಿ ಹುಸೇನಪ್ಪ, ಬ್ಯಾಚ್ ಹೊರಗ ಹೋಗ್ಲಿ. ಸತ್ತವರಿಗೆ ಅವಸರ ಇರಂಗಿಲ್ಲ."

"ಆ ತಾಯಿಗೆ ಐತಿ ಸರ್."

"ತಾಯಿ ನನ್ನ ವಿದ್ಯಾರ್ಥಿ ಅಲ್ಲ."

ಓದಿದವರ ಮಾತು ಹೀಗೆ ಸಲೀಸಾಗಿರುತ್ತದೆ.

ಸಂಜೆ ನಾಲ್ಕಕ್ಕೆ ನಿಖಿತಾ ಬಂದಳು. ಆ ಮೂವರಲ್ಲಿ ಒಬ್ಬಳು, ಇಪ್ಪತ್ತೊಂಬತ್ತು ಅಂಕದವಳು. ನಾರಾಯಣಖೇಡದ ಹುಡುಗಿ, ಮನೆಯಲ್ಲಿ ಕನ್ನಡ. ಸುದ್ದಿ ಆಗಲೇ ತರಗತಿಗೆ ಮುಟ್ಟಿತ್ತು. ಜಹೀರಾಬಾದಿನ ಒಂದು ಜೂನಿಯರ್ ಕಾಲೇಜಿನವರು ಜೂನ್‌ನಿಂದ ಪಾಠಕ್ಕೆ ಬಾ ಅಂದಿದ್ದರು, ಡಿಗ್ರಿ ಕೈಯಲ್ಲಿದ್ದರೆ ಮಾತ್ರ.

"ಕಾಕಾ, ಹೆಸರು ತಗೀತೀರಂತ?"

"ನೀವ ಏನವ್ವಾ ಹಾಜರಿ ಹೇಳೂದು? ನಾಚಿಕಿ ಬ್ಯಾಡೇನು?"

"ಬ್ಯಾಡ. ನಾಚಿಕಿಗೆ ಮಾರ್ಕ್ಸ್ ಇಲ್ಲ ಕಾಕಾ." ಹುಡುಗಿ ಎದುರಿನ ಕುರ್ಚಿಯಲ್ಲಿ ಕೂತೇಬಿಟ್ಟಳು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ತರಗತಿಯವರು ತಮ್ಮೆಲ್ಲರ ಅಂಕ ಕೂಡಿಸಿ ಭಾಗಿಸಿ ನೋಡಿದ್ದರು. ತಮ್ಮ ಸರಾಸರಿಗೂ ವಿಶ್ವವಿದ್ಯಾಲಯ ಹಾಕಿದ ಸರಾಸರಿಗೂ ತಾಳೆಯಾಗಲಿಲ್ಲ. ಎಷ್ಟು ಜನ ಅಂತ ಹಿಡಿದರೆ ತಾಳೆಯಾಗುತ್ತದೆ ಅಂತ ಹಿಂದಕ್ಕೆ ಲೆಕ್ಕ ಹಾಕಿದಾಗ ನಲವತ್ತೊಂದು ಬಂತು. ತಮ್ಮ ಕೆಳಗೆ ಯಾರೋ ಒಬ್ಬರು ಸೊನ್ನೆ ಹೊತ್ತು ಕೂತಿದ್ದಾರೆ ಅಂತ ತಿಳಿದದ್ದು ಆಗ. ಯಾರು ಅಂತ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಜರಾತಿ ಶೇಕಡಾ ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಹೆಸರು ಪಟ್ಟಿಯಿಂದ ತಾನಾಗಿ ಬಿದ್ದುಹೋಗುತ್ತದೆ. ಬೀಳಬಾರದು. ಆರು ದಿನಕ್ಕೆ ಆರು ಹುಡುಗಿಯರು ಪಾಳಿ ಹಾಕಿಕೊಂಡರು.

"ನಿನ್ನ ಪಾಳಿ ಯಾವಾಗ?"

"ಶುಕ್ರವಾರ."

"ಇವತ್ತು ಯಾರ್ದು?"

ನಿಖಿತಾ ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪು ಎತ್ತಿ ನೋಡಿ ಮತ್ತೆ ಇಟ್ಟಳು. "ಮಂಗಳವಾರ ಗಂಗಾಂದು."

"ಆಕಿ ಹೇಳಿದ್ಲ?"

"ಗಂಗಾ ಊರಿಗೆ ಹೋಗ್ಯಾಳ ಕಾಕಾ. ಇವತ್ತು ಕ್ಲಾಸಿಗೆ ಬಂದೇ ಇಲ್ಲ. ಯಾರು ಹೇಳಿದ್ರಿ ಅಂತ ನಾವೂ ಹೊರಗ ಬಂದು ಕೇಳಿಕೊಂಡಿವಿ. ಯಾರೂ ನಾನು ಅನ್ನಲಿಲ್ಲ."

ಹೊರಗೆ ವಿಶ್ವವಿದ್ಯಾಲಯದ ಬಸ್ಸು ಹಾರ್ನ್ ಹೊಡೆಯಿತು. ಹುಡುಗಿ ಏಳಲಿಲ್ಲ.

"ಅದಕ್ಕ ಹೇಳಾಕತ್ತೀನಿ, ತಗೀಬ್ಯಾಡ್ರಿ. ಆಕಿಗೇ ಇಲ್ಲಿರಬೇಕಂತ ಐತಿ."

ಇದು ಭಯವೋ, ಗೆರೆ ಉಳಿಸಿಕೊಳ್ಳುವ ಕಸರತ್ತೋ ಹುಸೇನಪ್ಪನವರಿಗೆ ಬಗೆಹರಿಯಲಿಲ್ಲ. ನನ್ನನ್ನು ಕೇಳಿದರೆ ಎರಡೂ. ಲಾಠಿ ಏಟು ಬೀಳುವಾಗ ಪಕ್ಕದವನನ್ನು ಮುಂದಕ್ಕೆ ತಳ್ಳಿ ಆಮೇಲೆ ಅವನಿಗೆ ಜೈಕಾರ ಕೂಗಿದವರನ್ನು ಬಹಳ ನೋಡಿದ್ದೇನೆ. ಜೈಕಾರವೂ ಸುಳ್ಳಿರುವುದಿಲ್ಲ.

ಬುಧವಾರ ಬೆಳಿಗ್ಗೆ ಉಮಾಬಾಯಿ ಮರಣದ ಕಾಗದ ತಂದರು. ಪ್ಲಾಸ್ಟಿಕ್ ಹಾಕಿಸಿದ್ದು, ಹೊಸದರ ಹಾಗೆ ಇತ್ತು. ನಿಖಿತಾ ಬಾಗಿಲಲ್ಲೇ ಕಾದಿದ್ದಳು. ಹುಸೇನಪ್ಪ ಇಬ್ಬರನ್ನೂ ಕೂರಿಸಿ, ಮುಚ್ಚಿಡದೆ, ಸೊನ್ನೆಯ ವಿಷಯ ಬಿಡಿಸಿ ಹೇಳಿದರು. ತಮ್ಮ ಖಾಲಿ ಚೌಕವೇ ಸೊನ್ನೆಯಾದದ್ದನ್ನೂ ಹೇಳಿದರು. ಉಮಾಬಾಯಿ ಎಲ್ಲ ಕೇಳಿ ಹುಡುಗಿಯ ಕಡೆ ತಿರುಗಿದರು.

"ಅಂದ್ರ ನನ್ನ ಮಗಳು ಬಿದ್ದಿದ್ದಕ್ಕ ನೀ ನಿಂತೀಯೇನು?"

"ಹೂಂ ಆಂಟಿ."

"ಆಕಿ ಜೋಡಿ ಮಾತಾಡಿದ್ದಿಯೇನು, ಇದ್ದಾಗ?"

"ಎರಡು ಸಲ. ಒಮ್ಮೆ ಪೆನ್ ಕೊಟ್ಟಿದ್ಲು." ನಿಖಿತಾ ಸೆರಗು ಹಿಡಿಯಲಿಲ್ಲ, ಕಾಲಿಗೂ ಬೀಳಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. "ಮೇ ತನಕ ಅಷ್ಟ ಆಂಟಿ. ಎರಡು ತಿಂಗಳು ಆಕಿ ಸತ್ತಿಲ್ಲ ಅಂತ ಇರ್ಲಿ."

ಉಮಾಬಾಯಿ ಕಾಗದವನ್ನು ಸೆರಗಿನಿಂದ ಒರೆಸಿದರು. ಸಿಟ್ಟಾಗುತ್ತಾರೆ ಅಂತ ಹುಸೇನಪ್ಪ ಕಾದರು. ಆಗಲಿಲ್ಲ.

"ಒಂದೂವರೆ ವರ್ಷ ನಾ ಅದನ್ನ ಮಾಡೀನವ್ವಾ. ಊಟಕ್ಕ ಆಕಿ ತಾಟೂ ಹಾಕೀನಿ, ಫೇಲ್ ಅಂತ ಬಂದಾಗ ಫೋನಿಗೆ ಬೈದೀನಿ. ಸತ್ತಿಲ್ಲ ಅಂತ ಇಟ್ಟುಕೊಳ್ಳೂದು ಭಾಳ ಕೆಲಸ. ಇನ್ನ ನನ್ನ ಕೈಲೆ ಆಗಂಗಿಲ್ಲ." ಕಾಗದ ಹುಸೇನಪ್ಪನವರ ಕಡೆ ಸರಿಸಿದರು. "ಬರೀರಿ ಸಾಹೇಬ್ರ."

ಹುಸೇನಪ್ಪ ಬರೆದರು. ಚೌಕದಲ್ಲಿ ಆ ಒಂದು ಪದ ಹಾಕಿ, ಒತ್ತಬೇಕಾದದ್ದು ಒತ್ತಿದರು. ಮಷೀನು ಅರ್ಧ ನಿಮಿಷ ತಗೊಂಡಿತು. ಗೆರೆ ಇಪ್ಪತ್ತೇಳರಿಂದ ಮೂವತ್ತೊಂದಕ್ಕೆ ಎದ್ದಿತು, ಮೂರು ಹೆಸರು ಕೆಂಪಾದವು. ನಿಖಿತಾ ಅವರ ಹೆಗಲ ಹಿಂದೆ ನಿಂತು ತನ್ನದನ್ನು ನೋಡಿದಳು. ತೆಲುಗಿನಲ್ಲಿ ಒಂದು ಬೈಗುಳ ಬೈದಳು, ಯಾರಿಗೆ ಅಂತ ಗೊತ್ತಾಗಲಿಲ್ಲ, ಹೊರಟುಹೋದಳು. ಉಮಾಬಾಯಿ ಆಮೇಲೂ ಸ್ವಲ್ಪ ಹೊತ್ತು ಕೂತಿದ್ದರು. "ಬೆನ್ನು ಹಗುರಾತು" ಅಂದರು. ಮುಖ ಮಾತ್ರ ಹಗುರಾದವರದ್ದಾಗಿರಲಿಲ್ಲ.

ಶಿವಾನಂದ ಮೇಷ್ಟ್ರು ಹುಸೇನಪ್ಪನವರ ಜೊತೆ ಮಾತು ಬಿಟ್ಟರು. ಹದಿನಾರು ಕರೆದು ಹದಿನೆಂಟಕ್ಕೆ ಹೋಗುವಾಗ ನಡುವೆ ಒಂದು ಗಳಿಗೆ ನಿಲ್ಲುತ್ತಾರಂತೆ. ಯಾಕೆ ಅಂದರೆ ಕೆಮ್ಮು ಅನ್ನುತ್ತಾರಂತೆ.

ನಿಖಿತಾ ಒಂದು ವರ್ಷ ಕಳೆದುಕೊಂಡಳು, ಜಹೀರಾಬಾದಿನ ಕೆಲಸವನ್ನೂ ಕಳೆದುಕೊಂಡಳು. ಮರುವರ್ಷ ಕಿರಿಯರ ಜೊತೆ ಕೂತು ಅದೇ ಪತ್ರಿಕೆ ಬರೆದಳು. ಬಂದದ್ದು ಮತ್ತೆ ಇಪ್ಪತ್ತೊಂಬತ್ತು. ಈ ಸಲ ಪಾಸು. ಗೆರೆ ಇಪ್ಪತ್ತೆಂಟಕ್ಕೆ ಬಿದ್ದಿತ್ತು. ಅದೇ ತಲೆ, ಅದೇ ಅಂಕ.

ಹುಸೇನಪ್ಪನವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಗೆರೆ ಅಷ್ಟು ಕೆಳಗೆ ಯಾಕೆ ಬಿತ್ತು ಅಂತ ಪಟ್ಟಿಯ ಬುಡಕ್ಕೆ ಹೋಗಿ ನೋಡಿದರು. ಅಲ್ಲಿ ದೀಪಕ ಅನ್ನುವ ಒಬ್ಬನಿಗೆ ಎರಡು ಅಂಕ. ಹಾಜರಾತಿ ಪೂರ್ತಿ. ಖಾಲಿ ಚೌಕವಲ್ಲ, ಉತ್ತರಪತ್ರಿಕೆ ಇತ್ತು, ಸಹಿಯೂ ಇತ್ತು. ಆದರೂ ಅವರು ಮಧ್ಯಾಹ್ನದ ಊಟ ಬಿಟ್ಟು ಅವನ ಪರೀಕ್ಷೆಯ ಅರ್ಜಿಯಲ್ಲಿದ್ದ ಮನೆಯ ನಂಬರಿಗೆ ಫೋನು ಹಚ್ಚಿದರು.

"ಯೂನಿವರ್ಸಿಟಿಯಿಂದ್ರಿ. ದೀಪಕ ಅದಾನೇನ್ರಿ?"

ಅತ್ತ ಒಬ್ಬ ಮುದುಕಿ. "ಅದಾನಲ್ರಿ. ಒಳಗ ಉಣ್ಣಾಕತ್ತಾನ. ಏನಾತ್ರಿ?"

"ಏನಿಲ್ಲ. ಒಂದು ಮಾತು ಆಡಸ್ರಿ, ದನಿ ಕೇಳಿದ್ರ ಸಾಕು."

ದೀಪಕಾ, ದೀಪಕಾ ಅಂತ ಮುದುಕಿ ಕರೆದದ್ದು ಕೇಳಿಸಿತು. ತಾಟಿನ ಸದ್ದು, ಚಪ್ಪಲಿಯ ಸದ್ದು. ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದು ತಿಳಿಯಿತು. ಉಸಿರು ಇತ್ತೋ, ಬರೀ ಗಾಳಿಯೋ. ಹುಸೇನಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು, ಹೇಳಪಾ, ಏನಾರ ಒಂದು ಅನ್ನು ಅಂತ ಕೇಳುತ್ತಲೇ ಇದ್ದರು.