ಶಾಲು ಒಲ್ಲೆನೆಂದ ಸ್ಟಾಪರ್

ಡೊಂಬಿವಲಿಯ ಕನ್ನಡ ಸಂಘದವರು ಯಾರಿಗಾದರೂ ಶಾಲು ಹೊದಿಸಿದರೆಂದರೆ ಆ ಮನುಷ್ಯನ ಕೆಲಸ ಮುಗಿಯಿತೆಂದೇ ಅರ್ಥ. ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲನ್ನು ಮಕ್ಕಳ ಕೈಗೆ ಒಪ್ಪಿಸಿದವರು, ಪಾಠ ಹೇಳಿ ಹೇಳಿ ಗಂಟಲು ಕಳೆದುಕೊಂಡ ಮೇಷ್ಟ್ರು, ಎಲ್ಲರೂ ಆ ಕುರ್ಚಿಯಲ್ಲಿ ಕೂತು, ಮೈಸೂರು ಪೇಟ ತೊಟ್ಟು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಫೋಟೊ ತೆಗೆಸಿಕೊಂಡವರೇ. ಆ ಭಾನುವಾರ ಅದೇ ಕುರ್ಚಿಯಲ್ಲಿ ಶಹಾಡಿನ ಚನ್ನು ಕೂತಿದ್ದ. ಮೂವತ್ತೈದರ ಪ್ರಾಯ. ಖಾಡಿ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುಮಧ್ಯ ನಿಂತು ಬಂದವರನ್ನೆಲ್ಲ ತಡೆಯುವವನು.

ಸಂಘದ ಅಧ್ಯಕ್ಷ ಪುಂಡರೀಕಾಕ್ಷರು ಉಡುಪಿ ಕಡೆಯವರು, ಮೈಕು ಸಿಕ್ಕರೆ ಬಿಡುವವರಲ್ಲ. “ನಮ್ಮ ಈ ಹುಡುಗ ದೇಶದ ಮೂಲೆಮೂಲೆಯಲ್ಲಿ ನೂರಾರು ಗೋಲು ಬಾರಿಸಿ, ಈಗ ನಿವೃತ್ತಿಯ ಹೊಸ್ತಿಲಲ್ಲಿ...”

“ಒಂದು, ಸರ,” ಎಂದ ಚನ್ನು.

“ಎಂಥದು ಒಂದು?”

“ನಾ ಹೊಡದದ್ದು ಒಂದೇ ಗೋಲು. ಅದೂ ತಪ್ಪಿ ನಮ್ಮ ಗೋಲಿಗೇ ಹೊಡಕೊಂಡೀನಿ.”

ಸಭೆ ಗೊಳ್ಳೆಂದಿತು. ಚನ್ನು ನಗಲಿಲ್ಲ. ಹಿಂದೆ ತಿರುಗಿ ಬ್ಯಾನರ್ ನೋಡಿದ. ‘ನಿವೃತ್ತ ಫುಟ್‌ಬಾಲ್ ಪಟು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

“ನಾ ನಿವೃತ್ತಿ ಅಂತ ಯಾರು ಹೇಳಿದ್ರಿ ನಿಮಗ?”

ಪುಂಡರೀಕಾಕ್ಷರು ಮೈಕಿಗೆ ಕೈ ಅಡ್ಡ ಹಿಡಿದರು. “ನಿಮ್ಮ ಕೋಚೇ ಫೋನ್ ಮಾಡಿ ಹೇಳಿದ್ದಲ್ವಾ ಮಾರಾಯ್ರೆ! ಬರುವ ಭಾನುವಾರದ್ದು ಕಡೇ ಮ್ಯಾಚ್, ಅದರ ಮೊದಲೇ ಸನ್ಮಾನ ಮಾಡಿಬಿಡಿ ಅಂತ.”

ಚನ್ನು ಎದ್ದ. ಶಾಲು ತೆಗೆದು ನಾಲ್ಕು ಮಡಿಕೆ ಮಾಡಿದ. ಪೇಟವನ್ನೂ ಅದರ ಮೇಲಿಟ್ಟು ಎರಡನ್ನೂ ಅಧ್ಯಕ್ಷರ ಕೈಗೇ ಕೊಟ್ಟ. “ಇವನ್ನ ಕಪಾಟಿನ್ಯಾಗ ಇಡ್ರಿ ಸರ. ಕಾಲು ಒಲ್ಲೆ ಅಂದ ದಿನ ನಾನೇ ಬಂದು ಇಸ್ಕೊಂತೀನಿ. ಈಗ ನಾ ಆಡಾಂವ ಅದೀನ್ರಿ.”

ಮುಂದಿನ ಸಾಲಿನಿಂದ ಅವನ ತಾಯಿ ಕಾಳವ್ವನ ದನಿ ಎದ್ದಿತು. “ಶಾಲು ಬಿಟ್ರ ಬಿಡು, ಹಣ್ಣಿನ ಬುಟ್ಟಿ ಯಾಕ ಬಿಟ್ಟು ಬರ್ತೀಯೋ? ಅದೇನು ಮಾಡೇತಿ ನಿನಗ?”

ಈ ಹಟ ಅವನಿಗೆ ಎಲ್ಲಿಂದ ಬಂತು ಅಂತೀರಾ? ಅರ್ಧ ತಾಯಿಯದು, ಅರ್ಧ ಲೋಕಲ್ ಟ್ರೇನಿನದು.

ಅವನಪ್ಪ ಬಸಲಿಂಗಪ್ಪ ಬಾಗಲಕೋಟೆ ಸೀಮೆಯಿಂದ ಬಂದು ಶಹಾಡಿನ ನೂಲಿನ ಕಾರ್ಖಾನೆಗೆ ಸೇರಿದವನು. ಮಗ ರೈಲ್ವೆಯಲ್ಲಿ ಗುಮಾಸ್ತನಾಗಲಿ ಎಂಬುದು ಅವನ ಆಸೆ. ಮಗನೋ ಕಾರ್ಖಾನೆಯ ಗೇಟಿನೆದುರಿನ ಬಯಲಲ್ಲಿ ಚೆಂಡಿನ ಹಿಂದೆ. ಹಿಂದೆಯೂ ಅಲ್ಲ. ಉಳಿದ ಹುಡುಗರೆಲ್ಲ ಚೆಂಡಿಗೆ ಜೇನಿನಂತೆ ಮುತ್ತಿದರೆ ಇವನೊಬ್ಬ ದೂರ ನಿಂತು, ಅದು ಎಲ್ಲಿ ಹೊರಬೀಳುತ್ತದೆಂದು ಕಾಯುತ್ತಿದ್ದ. ಕಲ್ಯಾಣದ ಶಾಲೆಯಲ್ಲಿ ಆಟದ ಮೇಷ್ಟ್ರು ಅದನ್ನು ನೋಡಿ, “ಹಾ ಪೋರ್ಗಾ ಮಾಗೇ,” ಎಂದು ಹಿಂದಿನ ಸಾಲಿಗೆ ದೂಡಿದರು. ಅಂದು ಹಿಂದೆ ನಿಂತವನು ಹಿಂದೆಯೇ ನಿಂತ.

ಠಾಣೆಯ ಸಣ್ಣ ಕ್ಲಬ್ಬು, ಗೋವಾದ ದೊಡ್ಡ ಕ್ಲಬ್ಬು, ಕೋಲ್ಕತ್ತಾದಲ್ಲಿ ಒಂದು ಸೀಸನ್. ಗೋವಾದಲ್ಲಿ ಮೂಗು ಮುರಿಯಿತು, ಕೋಲ್ಕತ್ತಾದಲ್ಲಿ ಮೊಣಕಾಲು. ಆಪರೇಶನ್ ಆಗಿ ಹಾಸಿಗೆಯಲ್ಲಿದ್ದಾಗ ಕ್ಲಬ್ಬಿನಿಂದ ಹೂವಿನ ಗುಚ್ಛ ಬಂತು, ಜೊತೆಗೇ ಬಿಡುಗಡೆಯ ಸುದ್ದಿಯೂ ಬಂತು. ಬಸಲಿಂಗಪ್ಪ, “ಇನ್ನರ ಸಾಕು ಮಾಡು,” ಎಂದ. ಚನ್ನು ಉಲ್ಹಾಸ ನದಿಯ ದಂಡೆಯಲ್ಲಿ ಕುಂಟುತ್ತ ಓಡಲು ಸುರುಮಾಡಿದ. ಕುಂಟು ಹೋದ ಮೇಲೆ ಖಾಡಿ ರೋವರ್ಸ್‌ಗೆ ಬಂದ. ಅಪ್ಪ ತೀರಿಕೊಂಡ ವರ್ಷ ಅದೇ ತಂಡದ ಕ್ಯಾಪ್ಟನ್ ಆದ.

ಮುಂದೆ ಆಡುವವರ ಹೆಸರು ಪೇಪರಿನಲ್ಲಿ ಬರುತ್ತದೆ. ಸ್ಟಾಪರ್‌ನ ಹೆಸರು ಬರುವುದು ತಪ್ಪಿದಾಗ ಮಾತ್ರ. ಚನ್ನುವಿನ ಹೆಸರು ಪೇಪರಿನಲ್ಲಿ ಬರುತ್ತಿರಲಿಲ್ಲ. ಅದೇ ಅವನ ಗರ್ವ.

ಅವನದೊಂದು ಕೈಚಳಕವಿತ್ತು. ಫುಟ್‌ಬಾಲಿನಲ್ಲಿ ಪಾಸು ಹೊರಡುವ ಕ್ಷಣದಲ್ಲಿ ಎದುರಾಳಿ ನಮ್ಮ ಡಿಫೆಂಡರುಗಳ ಸಾಲನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಅದು ಆಫ್‌ಸೈಡ್, ಆಟ ನಿಲ್ಲುತ್ತದೆ. ಹಾಗಾಗಿ ಪಾಸು ಹೊರಡುವ ಮುನ್ನ ನಾಲ್ವರು ಡಿಫೆಂಡರುಗಳೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಹಾಕಿದರೆ ಎದುರಾಳಿ ಹಿಂದೆ ಒಬ್ಬನೇ ಸಿಕ್ಕಿಬೀಳುತ್ತಾನೆ. ಹೆಜ್ಜೆ ಯಾವಾಗ ಎಂದು ಕೂಗಿ ಹೇಳುವವನು ಚನ್ನು. ಕೂಗುತ್ತಿದ್ದದ್ದು ಕನ್ನಡದಲ್ಲಿ. ಚಿಕ್ಕಂದಿನಲ್ಲಿ ಕಾಳವ್ವ ಗರ್ದಿಯ ಲೋಕಲಿಗೆ ಮಕ್ಕಳನ್ನು ದಬ್ಬುತ್ತ ಹೇಗೆ ಕೂಗುತ್ತಿದ್ದಳೋ ಹಾಗೆಯೇ: ಮುಂದೆ ಹೋಗಲು “ಏರ್ರಿ!”, ನಿಂತಲ್ಲೇ ಇರಲು “ನಿಲ್ರಿ!”

ಜೋಡಿ ಸ್ಟಾಪರ್ ಮನೀಷ್ ಠಾಣೆಯ ವರ್ತಕ ನಗರದವನು. ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಅರ್ಥವಾಗುತ್ತಿತ್ತು. ಉಳಿದಿಬ್ಬರು ಮರಾಠಿ ಹುಡುಗರು, ಅವರಿಗೆ ಬರುತ್ತಿದ್ದ ಕನ್ನಡವೆಂದರೆ ಇವೆರಡೇ ಮಾತು. ಮುಂಬೈಯ ಯಾವ ಎದುರಾಳಿಗೂ ಈ ಕೂಗಿನ ಗುಟ್ಟು ಹತ್ತಿರಲಿಲ್ಲ.

ಕೋಚ್ ಜಯಶೀಲನಿಗೆ ಮಾತ್ರ ಹತ್ತಿತ್ತು. ಅವನೂ ಡೊಂಬಿವಲಿಯ ಕನ್ನಡದವನೇ. ವಿದೇಶದಲ್ಲಿ ಕೋರ್ಸು ಮುಗಿಸಿ ಬಂದು ಈ ವರ್ಷ ಕ್ಲಬ್ಬು ಸೇರಿದ್ದ. ಸನ್ಮಾನದ ಮರುದಿನ ಪ್ರಾಕ್ಟೀಸಿನಲ್ಲಿ ಚನ್ನುವನ್ನು ಬದಿಗೆ ಕರೆದ.

“ಸ್ಟೇಜ್ ಪೇ ಡ್ರಾಮಾ ಕಿಯಾ ತೂನೇ. ನಿನ್ನ ಮರ್ಯಾದೆ ಉಳಿಲಿ ಅಂತ ನಾನು ಅರೇಂಜ್ ಮಾಡಿದ್ದು.”

“ನನ್ನ ಮರ್ಯಾದಿ ನನ್ನ ಕಾಲಾಗ ಐತಿ. ನೀವು ಹೆಗಲಿಗೆ ಹೊದಸಾಕ ಹೋದ್ರಿ.”

“ಕಾಲು ಸ್ಲೋ ಆಗಿದೆ, ಚನ್ನು.”

“ಕಾಲು ಯಾವಾಗ ಫಾಸ್ಟ್ ಇತ್ರಿ? ಹದಿನಾರು ವರ್ಷ ಮೊದಲು ಹೊಂಟು ಮೊದಲು ಮುಟ್ಟೀನಿ, ಅಷ್ಟೆ.”

ಜಯಶೀಲ ನೆಲ ನೋಡಿದ, ಮೈದಾನ ನೋಡಿದ. “ಸಂಡೇ ಆಡು. ಡ್ರಾ ಆದರೂ ಲೀಗಿನಲ್ಲಿ ಉಳೀತೇವೆ. ನಿನ್ನಿಂದ ಸೋತರೆ, ದೆನ್ ಯು ಆರ್ ಡನ್. ಮತ್ತೆ ಒಂದು ಮಾತು, ಕೂಗೋ ಕಾಲ್ಸ್ ಎಲ್ಲ ಇಂಗ್ಲಿಷ್‌ನಲ್ಲಿ. ಇದು ಪ್ರೊಫೆಶನಲ್ ಕ್ಲಬ್, ಶಹಾಡ್ ಸ್ಟೇಶನ್ ಅಲ್ಲ.”

“ಸೋತ್ರ ಹೇಳ್ರಿ,” ಎಂದು ಚನ್ನು ಬೂಟಿನ ಲೇಸು ಬಿಗಿದ.

ಭಾನುವಾರ ನವಿ ಮುಂಬೈಯ ಮೈದಾನ, ನೆತ್ತಿ ಸುಡುವ ಬಿಸಿಲು. ಎದುರಾಳಿ ತಂಡ ಬೆಂಗಳೂರಿನದು. ಇಲ್ಲೇ ಚನ್ನು ಎಡವಿದ್ದು. ಕನ್ನಡವೆಂದರೆ ಅವನಿಗೆ ಬಾಗಿಲು ಹಾಕಿಕೊಂಡು ಆಡುವ ಮನೆಮಾತು, ಹೊರಗಿನವರ್ಯಾರಿಗೂ ತಿಳಿಯದ ಮಾತು. ಬೆಂಗಳೂರಿನಿಂದ ಬಂದವರಿಗೆ ಕನ್ನಡ ಬರುತ್ತದೆಂಬುದು ಅವನಿಗೆ ಹೊಳೆಯಲೇ ಇಲ್ಲ! ಮನೀಷನಿಗೂ ಹೊಳೆಯಲಿಲ್ಲ. ಇಂಗ್ಲಿಷ್ ಎಂದು ಹಟ ಹಿಡಿದ ಜಯಶೀಲನಿಗೂ ಆ ಕಾರಣ ತೋಚಿರಲಿಲ್ಲ.

ಆಟ ಸುರುವಾಗಿ ಸ್ವಲ್ಪ ಹೊತ್ತಿಗೆ ಚನ್ನು ಅಭ್ಯಾಸಬಲದಿಂದ “ಏರ್ರಿ!” ಎಂದು ಕೂಗಿದ. ಅವರ ಒಂಬತ್ತನೇ ನಂಬರಿನ ಹುಡುಗ ಹಿಂದೆ ಸಿಕ್ಕಿಬೀಳಬೇಕಿತ್ತು. ಅವನೂ ಇವರ ಜೊತೆಗೇ ಹೆಜ್ಜೆ ಹಾಕಿ ಸಾಲಿಗೆ ಬಂದ, ಪಾಸು ಹೊರಟೊಡನೆ ಗಿರಕ್ಕನೆ ತಿರುಗಿ ಓಡಿದ. ಮುಂದಕ್ಕೆ ವಾಲಿದ್ದ ಚನ್ನು ತಿರುಗುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.

ಹುಡುಗ ವಾಪಸು ಹೋಗುತ್ತ ಕಣ್ಣು ಮಿಟುಕಿಸಿದ. “ಅಣ್ಣಾ, ಇನ್ನೊಂದ್ಸಲ ಏರಿ ಅನ್ನಿ, ಪ್ಲೀಸ್.”

ಮನೀಷ್ ಬಾಯಿ ತೆರೆದು ನಿಂತ. “ಅರೇ, ಇಸ್‌ಕೋ ತೋ ಸಬ್ ಸಮಝ್‌ತಾ ಹೈ!”

ವಿರಾಮದವರೆಗೂ ಚನ್ನು ಬಾಯಿ ತೆರೆಯಲಿಲ್ಲ. ಬಾಯಿ ಮುಚ್ಚಿದ ಸಾಲು ಹರಿದ ಚಾಪೆಯಂತಾಯಿತು. ಗೋಲ್‌ಕೀಪರ್ ಒಬ್ಬನೇ ಹೇಗೋ ಮಾನ ಉಳಿಸಿದ.

ವಿರಾಮದಲ್ಲಿ ಜಯಶೀಲ ಬದಲಿ ಆಟಗಾರನಿಗೆ ಮೈ ಬಿಸಿ ಮಾಡಿಕೊಳ್ಳಲು ಹೇಳಿದ. “ಚನ್ನು, ಬಸ್. ಬಾಹರ್.”

“ಬರೂದಿಲ್ಲ.”

“ಕ್ಯಾ?”

“ತಪ್ಪು ನಂದು. ಗಂಟು ಹಾಕಿದಾಂವ ನಾ, ಬಿಚ್ಚಿ ಬರ್ತೀನಿ. ಆ ಹುಡುಗ ಇನ್ನೊಮ್ಮೆ ನಮ್ಮ ಹಿಂದ ಹೋದ ಅಂದ್ರ ನೀವು ಕರೀಬ್ಯಾಡ್ರಿ. ನಾನೇ ಅಂಗಿ ಕಳದು ಹೊರಗ ಬರ್ತೀನಿ, ಮತ್ತ ಈ ಮೈದಾನ ತುಳಿಯೂದಿಲ್ಲ.”

“ಇಂಗ್ಲಿಷ್‌ನಲ್ಲಿ ಕಾಲ್ ಮಾಡ್ತೀಯಾ?”

“ಇಂಗ್ಲಿಷ್ ಅವರಿಗೂ ಬರ್ತದ್ರಿ. ಕನ್ನಡಾನೇ ಕೂಗ್ತೀನಿ.” ಅವನು ಮೂವರು ಡಿಫೆಂಡರುಗಳ ಕಡೆ ತಿರುಗಿದ. “ಕೇಳ್ರಿ. ಇನ್ನ ನನ್ನ ಬಾಯಿ ಆ ಹುಡುಗಗ, ನನ್ನ ಎಡಗೈ ನಿಮಗ. ನಾ ಏನರ ಒದರಲಿ, ಕಿವಿ ಹಾಕಬ್ಯಾಡ್ರಿ. ಮುಷ್ಟಿ ಬಿಗಿದ್ರ ಮುಂದ. ಅಂಗೈ ಬಿಚ್ಚಿದ್ರ ನಿಂತಲ್ಲೇ.” ಮರಾಠಿ ಹುಡುಗರಿಗೆ ಮನೀಷ್ ಅದನ್ನೇ ಬಿಡಿಸಿ ಹೇಳಿ, ತಾನೂ ಹೊರಗೆ ಕೂರಲು ಸಿದ್ಧನೆಂದು ಕೋಚ್ ಎದುರು ಎದೆ ಉಬ್ಬಿಸಿ ನಿಂತ. “ಇಸ್‌ಕೋ ನಿಕಾಲೋಗೇ ತೋ ಮೈ ಭೀ ಬೈಠ್ತಾ ಹೂಂ.”

ಜಯಶೀಲ ಬದಲಿಯವನನ್ನು ಕೂರಿಸಿದ. “ಒಂದು ಸಲ. ಒಂದೇ ಸಲ ಅವನು ಹಿಂದೆ ಹೋದರೆ...”

“ಹೇಳೀನಲ್ರಿ!”

ಆಟ ಮತ್ತೆ ಸುರುವಾಯಿತು. ಚನ್ನು ಮೈದಾನದ ಆಚೆ ಬದಿಗೂ ಕೇಳುವಂತೆ “ಏರ್ರಿ!” ಎಂದ. ಹುಡುಗ ಜಾಣ, ಥಟ್ಟನೆ ಹೊರಗೆ ಹೆಜ್ಜೆ ಹಾಕಿದ. ಚನ್ನುವಿನ ಎಡ ಅಂಗೈ ಬಿಚ್ಚಿತ್ತು, ಸಾಲು ಅಲುಗಲಿಲ್ಲ. ಹುಡುಗನ ತಲೆಯ ಮೇಲಿಂದ ಹಾದ ಚೆಂಡು ಗೋಲ್‌ಕೀಪರನ ಮಡಿಲಿಗೆ ಬಂತು. ಮುಂದಿನ ಸಲ ಚನ್ನು “ನಿಲ್ರಿ, ನಿಲ್ರಿ!” ಎಂದು ಅರಚಿದ. ಮುಷ್ಟಿ ಬಿಗಿದಿತ್ತು. ಸಾಲು ಮುಂದೆ ಸರಿಯಿತು, ಹುಡುಗ ಒಳಗೆ ನುಗ್ಗಿದ, ಆಫ್‌ಸೈಡ್ ಎಂದು ಲೈನ್ಸ್‌ಮನ್ನನ ಬಾವುಟ ಎದ್ದಿತು. ಇನ್ನೊಮ್ಮೆ ಎದ್ದಿತು. ಮತ್ತೊಮ್ಮೆ.

“ಏನಣ್ಣಾ ಇದು, ಹೇಳೋದೊಂದು ಮಾಡೋದೊಂದು!” ಹುಡುಗ ಸೊಂಟದ ಮೇಲೆ ಕೈಯಿಟ್ಟು ನಿಂತ.

“ನಮ್ಮವ್ವ ಹಿಂಗೇ ಬೆಳಸ್ಯಾಳ ತಮ್ಮಾ. ಟ್ರೇನು ಬಂತು ಅಂತಿದ್ಲು, ಬಂದಿರತಿರಲಿಲ್ಲ.”

ಆಮೇಲೆ ಹುಡುಗ ಯಾವ ಕೂಗನ್ನೂ ನಂಬದೆ, ನಂಬದಿರಲೂ ಆಗದೆ ಒದ್ದಾಡಿದ. ಅತ್ತ ರೋವರ್ಸ್‌ಗೆ ಕಾರ್ನರ್ ಸಿಕ್ಕಿತು, ಮನೀಷ್ ಹೋಗಿ ತಲೆ ಕೊಟ್ಟ, ಒಂದಕ್ಕೊಂದು ಸಮವಾಯಿತು. ಕೊನೆಯ ಗಳಿಗೆಯಲ್ಲಿ ಹುಡುಗ ಕೂಗಿಗೆ ಕಾಯದೆ ಕಣ್ಣುಮುಚ್ಚಿ ಓಡಿದ, ಸಾಲಿನ ಹೊಲಿಗೆ ಬಿಚ್ಚಿತು. ಆಗ ಬಾಯೂ ಇಲ್ಲ, ಕೈಯೂ ಇಲ್ಲ. ಸ್ಲೋ ಎನಿಸಿಕೊಂಡ ಕಾಲು ಮೊದಲೇ ಹೊರಟಿತ್ತು. ಹುಡುಗ ಒದೆಯಲೆಂದು ಕಾಲೆತ್ತಿದ, ಚನ್ನು ಉದ್ದಕ್ಕೆ ಜಾರಿ ಚೆಂಡನ್ನು ಬದಿಯ ಗೆರೆಯಾಚೆ ತಳ್ಳಿದ. ಕಡೆಯ ಸೀಟಿ ಮೊಳಗಿತು. ಡ್ರಾ. ಖಾಡಿ ರೋವರ್ಸ್ ಲೀಗಿನಲ್ಲಿ ಉಳಿಯಿತು.

ಜಯಶೀಲ ನಡೆದು ಬಂದಾಗ ಚನ್ನು ಇನ್ನೂ ನೆಲದ ಮೇಲಿದ್ದ. ಮೊಣಕಾಲ ತುಂಬ ಹುಲ್ಲು, ರಕ್ತ.

“ಒಂದು ವರ್ಷ,” ಎಂದ ಜಯಶೀಲ. “ಒಂದೇ. ಸೀಸನ್ನಿನ ಮೊದಲು ಫಿಟ್‌ನೆಸ್ ಟೆಸ್ಟ್ ಇಡ್ತೇನೆ.”

“ನನಗೊಬ್ಬನಿಗೇ ಏನ್ರಿ? ಇಪ್ಪತ್ತರ ಹುಡುಗರಿಗೂ ಇಡ್ರಿ.”

“ಎಲ್ಲರಿಗೂ.”

“ಹಂಗಾದ್ರ ಆತು.”

“ಮುಂದಿನ ವರ್ಷ ಇಷ್ಟೊತ್ತಿಗೆ ಮಾತ್ರ ಮಾತಿಲ್ಲ, ಚನ್ನು. ಪಕ್ಕಾ ನಿವೃತ್ತಿ.”

ಚನ್ನು ಎದ್ದು ಕೂತ, ಗಾಯಕ್ಕಂಟಿದ ಹುಲ್ಲನ್ನು ಕಿತ್ತು ಬಿಸಾಕಿದ. “ಮುಂದಿನ ವರ್ಷ ಬರಲಿ ತಗೋರಿ,” ಎಂದ. “ಮತ್ತ ಜಗಳಾಡೂಣು.”